ಮೂಡು ಬದಿಯ ತಟ್ಟಿ

ಪಂಢರಿನಾಥನಿಗೆ ಸೆಕೆ ತಾಗುವುದಿಲ್ಲ. ಇದು ಜಂಬದ ಮಾತಲ್ಲ. ಕೋಡಂಬಾಕ್ಕಂನ ಒಂದು ಉಡುಪಿ ಹೋಟೆಲಿನಲ್ಲಿ ನಲವತ್ತು ವರ್ಷ ಎಣ್ಣೆ ಒಲೆಯ ಮುಂದೆ ನಿಂತವನ ಮೈ ಅದು, ಹಾಗಾಗಿಬಿಟ್ಟಿದೆ. ಚೆನ್ನೈಗೆ ಚೆನ್ನೈಯೇ ಉಸ್ಸಪ್ಪಾ ಎಂದು ಕುಳಿತಿರುವಾಗ ಈ ಮಹಾಶಯ ಬನಿಯನ್ನಿನ ಮೇಲೆ ಅಂಗಿ ಹಾಕಿಕೊಂಡು ಹೊಗೆಯಾಡುವ ಕಾಫಿ ಕುಡಿಯುತ್ತಾನೆ. ಮೂಗಿನ ಕಥೆಯೂ ಅಷ್ಟೇ. ಎಣ್ಣೆಯ ಹೊಗೆ ಕುಡಿದು ಕುಡಿದು ಅದು ಯಾವತ್ತೋ ಕೈಕೊಟ್ಟಿದೆ. ಮನೆಯಲ್ಲಿ ಹಾಲು ಸೀದರೆ ಹೆಂಡತಿ ಆಚೆ ಕೋಣೆಯಿಂದ ಓಡಿ ಬರಬೇಕು. ಒಲೆಯ ಪಕ್ಕದಲ್ಲೇ ನಿಂತವನಿಗೆ ಗೊತ್ತಾಗುವುದಿಲ್ಲ. ಅವನಿಗೆ ಗಮನವಿಲ್ಲ ಎಂದೇ ಅವಳು ತಿಳಿದಿದ್ದಾಳೆ, ಮೂಗಿನ ವಿಷಯ ಅವನು ಯಾರಿಗೂ ಹೇಳಿಲ್ಲ. ಬೋಂಡ ಬೆಂದದ್ದನ್ನು ಅವನು ಬಣ್ಣ ನೋಡಿ, ಎಣ್ಣೆಯ ಸದ್ದು ಕೇಳಿ ತಿಳಿಯುತ್ತಿದ್ದ. ಅದಕ್ಕೆ ಮೂಗು ಬೇಕಾಗಲಿಲ್ಲ.

ಇಂಥವನು ಈ ವರ್ಷ ಮನೆಯನ್ನು ಬೇಸಗೆಗೆ ಸಜ್ಜು ಮಾಡಲು ಹೊರಟ. ಎಡವಟ್ಟಾದದ್ದು ಅಲ್ಲೇ.

ಮೊಣಕಾಲು ನೋವಿಗೆ ಸೋತು ಅವನು ಕೆಲಸ ಬಿಟ್ಟದ್ದು ಸಂಕ್ರಾಂತಿಯ ಹೊತ್ತಿಗೆ. ಹೋಟೆಲಿಗೂ ಮನೆಗೂ ನಡುವೆ ಎರಡೇ ಬೀದಿ. ಹೋಟೆಲು ಮೂಡಕ್ಕೆ, ಮನೆ ಪಡುವಕ್ಕೆ. ಆದರೂ ಬೆಳಗಿನ ಇಡ್ಲಿಯ ಹೊತ್ತಿಗೆ ಹೋದರೆ ಅವನು ತಿರುಗಿ ಬರುತ್ತಿದ್ದದ್ದು ಹೋಟೆಲಿನ ಬಾಗಿಲು ಹಾಕಿದ ಮೇಲೆಯೇ. ಮಧ್ಯಾಹ್ನ ಊಟದ ಗಲಾಟೆ ಮುಗಿದರೆ ಅಲ್ಲೇ ಮಾಳಿಗೆಯಲ್ಲಿ ಉಳಿದವರ ಜೊತೆ ಚಾಪೆ ಹಾಸಿ ಒಂದು ಸಣ್ಣ ನಿದ್ದೆ. ಮೂರಕ್ಕೆ ಎದ್ದು ಸಂಜೆಯ ತಿಂಡಿಗೆ ಬಾಣಲೆ ಇಡುವುದು. ವಾರದ ರಜೆ ಬಂತೋ, ಯಾರದೋ ಮದುವೆಯ ಅಡುಗೆ, ಯಾರದೋ ಗೃಹಪ್ರವೇಶ. ಕೆಲಸ ಬಿಟ್ಟ ಮೇಲಾದರೂ ಮನೆಯಲ್ಲಿ ಕುಳಿತನೇ ಅಂದರೆ ಅದೂ ಇಲ್ಲ. ಮೂರು ತಿಂಗಳು ದಿನಾ ಮಧ್ಯಾಹ್ನ ಅಲ್ಲಿಗೇ ಹೋಗಿ, ತನ್ನ ಜಾಗಕ್ಕೆ ಬಂದ ಹೊಸ ಮಾಸ್ಟರಿಗೆ ಬುದ್ಧಿ ಹೇಳುತ್ತ ಕೂರುತ್ತಿದ್ದ. ಒಂದು ದಿನ ಆ ಮನುಷ್ಯ, ‘ಅಣ್ಣಾ, ನೀವು ಮನೆಯಲ್ಲಿ ರೆಸ್ಟ್ ತಗೊಳ್ಳಿ’ ಎಂದು ನಗುನಗುತ್ತಲೇ ಹೇಳಿದ ಮೇಲೆ ಹೋಗುವುದನ್ನು ಬಿಟ್ಟ. ಒಟ್ಟಿನಲ್ಲಿ ತನ್ನ ಮನೆಯ ಮಧ್ಯಾಹ್ನ ಹೇಗಿರುತ್ತದೆ ಎಂದು ಅವನು ಕಂಡವನೇ ಅಲ್ಲ.

ಮನೆ ಎಂದರೆ ಹಳೆಯ ಕಟ್ಟಡವೊಂದರ ಮಾಳಿಗೆ. ಪಡು ಬದಿಗೆ ಅಡುಗೆಮನೆ, ನಡುವೆ ಎರಡು ಕೋಣೆ, ಮೂಡು ಬದಿಗೆ ಕಂಬಿ ಹಾಕಿದ ಒಂದು ಜಗಲಿ. ಆ ಜಗಲಿಯಲ್ಲಿ ಅವನ ಹೆಂಡತಿ ಜಲಜಾಕ್ಷಿಯ ಹೊಲಿಗೆ ಮೆಶಿನ್ನು. ಬೀದಿಯ ಹೆಂಗಸರ ಸೀರೆಗೆಲ್ಲ ಫಾಲ್ ಹಚ್ಚುವುದು, ಅಂಚು ಹೊಲಿಯುವುದು ಅವಳ ಕೆಲಸ. ಮದುವೆಯಾಗಿ ಕುಂದಾಪುರದ ಕಡೆಯಿಂದ ಬಂದವಳು ಅಲ್ಲಿ ಕುಳಿತದ್ದೇ ಕುಳಿತದ್ದು. ಒಬ್ಬಳೇ ಮಗಳು ನಮಿತಾ ಆ ಮೆಶಿನ್ನಿನ ಕೆಳಗೇ ಅಂಬೆಗಾಲಿಟ್ಟು ಬೆಳೆದು, ಓದಿ, ಈಗ ಪೋರೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ, ಅಲ್ಲೇ ಹತ್ತಿರ ಗಂಡನ ಜೊತೆ ಮನೆ ಮಾಡಿದ್ದಾಳೆ.

ಏಪ್ರಿಲಿನಲ್ಲಿ ಪೇಪರಿನವರು, ಟೀವಿಯವರು ಎಲ್ಲರೂ ಒಂದೇ ಸಮನೆ ಹೆದರಿಸತೊಡಗಿದರು: ಈ ಸಲದ ಕತ್ತರಿ ಬಿಸಿಲು, ಅಂದರೆ ಚೆನ್ನೈಯ ಉರಿಬೇಸಗೆ, ಸಾಮಾನ್ಯದ್ದಲ್ಲ, ಮೇ ತಿಂಗಳಲ್ಲಿ ಹೊರಗೆ ತಲೆ ಹಾಕಬೇಡಿ. ಪಂಢರಿನಾಥನಿಗೆ ಹುರುಪು ಬಂತು. ಕೈಗೆ ಕೆಲಸವಿಲ್ಲದೆ ಸಾಕಾಗಿತ್ತಲ್ಲ. ಮೊದಲು ತಾರಸಿ ಗುಡಿಸಿ ತೊಳೆದು ಸುಣ್ಣ ಬಳಿದ. ಸುಣ್ಣ ಏಳದ ಹಾಗೆ ಅದಕ್ಕೆ ಗಂಜಿತಿಳಿ ಬೆರೆಸಿದ. ನೀರಿನ ಟ್ಯಾಂಕಿಗೆ ಗೋಣಿ ಸುತ್ತಿದ. ಬಿಸಿಲಿಗೆ ಬಿದ್ದಿದ್ದ ಪೈಪಿಗೆ ಹಳೆಯ ಪಂಚೆ ಸುತ್ತಿದ. ಇಷ್ಟೂ ಸರಿಯಾಗಿಯೇ ಇತ್ತು, ನಾವು ಯಾಕೆ ಸುಳ್ಳು ಹೇಳಬೇಕು. ಜಲಜಾಕ್ಷಿ ಬಕೆಟ್ಟು ಹಿಡಿದು ಹಿಂದೆ ಹಿಂದೆ ಓಡಾಡಿದಳು. ಗಂಡ ಹೆಂಡತಿ ಹಗಲು ಹೊತ್ತಿನಲ್ಲಿ ಒಟ್ಟಿಗೆ ಒಂದು ಕೆಲಸ ಮಾಡಿದ್ದು ಅದೇ ಮೊದಲು ಅಂದರೂ ತಪ್ಪಲ್ಲ.

ಆಮೇಲೆ ಬಿಸಿಲಿಗೆ ಅಡ್ಡ ಕಟ್ಟುವ ತಟ್ಟಿಯ ಯೋಚನೆ ಬಂತು. ಕೆಳಮನೆಯ ದಾಕ್ಷಾಯಿಣಿಯವರು, ಅಂದರೆ ಕಟ್ಟಡದ ಒಡತಿ, ಆ ವಾರ ಹಿತ್ತಲ ತೆಂಗಿನ ಮರಗಳನ್ನು ಸವರಿಸಿದ್ದರು. ಹಸಿ ಮಡಲುಗಳು ರಾಶಿ ಬಿದ್ದಿದ್ದವು. ಅಂಗಡಿಯಲ್ಲಿ ಹೆಣೆದ ಗರಿಯೇ ಸಿಗುತ್ತದೆ, ಇಲ್ಲಿಯವರು ಅದಕ್ಕೆ ಕೀತ್ತು ಎನ್ನುತ್ತಾರೆ. ಪಂಢರಿನಾಥನಿಗೆ ಅದು ಒಪ್ಪಿಗೆಯಿಲ್ಲ. ‘ಅದೆಂತ ನೇಯ್ಗೆ ಮಾರಾಯ್ತಿ, ಆಕಾಶ ಕಾಣ್ತ್’ ಎಂದ. ತಾನೇ ಕುಳಿತು, ತನ್ನ ಊರು ಬೀಜಾಡಿಯಲ್ಲಿ ಅಪ್ಪಯ್ಯ ಕಲಿಸಿದ ಹಾಗೆ, ಎರಡೆರಡು ಮಡಲು ಸೇರಿಸಿ ಒತ್ತೊತ್ತಾಗಿ ನೇಯ್ದ. ಮೊಣಕಾಲು ಮಡಚಲಾಗದೆ ಒಂದು ಕಾಲು ಮುಂದಕ್ಕೆ ಚಾಚಿಕೊಂಡೇ ನೇಯ್ದ. ಬೆರಳುಗಳು ಇನ್ನೂ ಮರೆತಿರಲಿಲ್ಲ. ಮುಗಿದ ತಟ್ಟಿಯನ್ನು ಬೆಳಕಿಗೆ ಹಿಡಿದರೆ ಒಂದು ಚುಕ್ಕಿ ಬಿಸಿಲೂ ಆಚೆ ಬರುತ್ತಿರಲಿಲ್ಲ. ಅದನ್ನು ನೋಡಿ ಅವನಿಗಾದ ಖುಷಿ ಅಷ್ಟಿಷ್ಟಲ್ಲ.

ಕಟ್ಟುವುದು ಯಾವ ಬದಿಗೆ? ಅದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. ಬೆಳಗಾಗುವುದೇ ತಡ ಜಗಲಿಗೆ ಬಿಸಿಲು ಬೀಳುತ್ತದೆ, ಹಾಗಾಗಿ ಮೂಡು ಬದಿ ಮುಚ್ಚಬೇಕು. ಪಡು ಬದಿಯ ಅಡುಗೆಮನೆಯ ಬಾಗಿಲು ತೆರೆದಿಡಬೇಕು, ಮಧ್ಯಾಹ್ನ ಗಾಳಿ ಬರುವುದು ಅಲ್ಲಿಂದ. ಬೀಜಾಡಿಯ ಮನೆಯಲ್ಲಿ ಹಾಗೇ ಇತ್ತು. ಅಲ್ಲಿ ಸಮುದ್ರವಿರುವುದು ಪಡುವಕ್ಕೆ, ಊಟವಾದ ಮೇಲೆ ಪಡು ಬಾಗಿಲ ಹೊಸ್ತಿಲಿಗೆ ತಲೆ ಕೊಟ್ಟು ಮಲಗಿದರೆ ಉಪ್ಪಿನ ಗಾಳಿ ಮುಖಕ್ಕೆ ಬರುತ್ತಿತ್ತು. ಚೆನ್ನೈಯಲ್ಲಿ ಸಮುದ್ರ ಮೂಡಕ್ಕಿದೆ ಎಂದು ಪಂಢರಿನಾಥನಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಮಗಳನ್ನು ಎಷ್ಟು ಸಲ ಬೀಚಿಗೆ ಕರೆದೊಯ್ದಿಲ್ಲ. ಆದರೆ ಗಾಳಿ ಅಂದ ಕೂಡಲೇ ಅವನ ಮುಖ ತನ್ನಷ್ಟಕ್ಕೇ ಪಡುವಕ್ಕೆ ತಿರುಗುತ್ತಿತ್ತು. ಹೋಟೆಲಿನ ಅಡುಗೆಮನೆಯೊಳಗೆ ಗಾಳಿಯೇ ಇಲ್ಲದೆ ನಲವತ್ತು ವರ್ಷ ಕಳೆದವನಿಗೆ ಅದನ್ನು ತಿದ್ದಿಕೊಳ್ಳುವ ಸಂದರ್ಭ ಒಮ್ಮೆಯೂ ಬಂದಿರಲಿಲ್ಲ.

‘ಹ್ವಾಯ್, ಈ ಬದಿ ಕಟ್ಟುದ್ ಬ್ಯಾಡ’ ಎಂದಳು ಜಲಜಾಕ್ಷಿ. ‘ಮಧ್ಯಾಹ್ನ ಗಾಳಿ ಬಪ್ಪುದ್ ಇಲ್ಲಿಂದ್ಲೇ.’

‘ಗಾಳಿ ಬಪ್ಪುದ್ ಪಡುವಿಂದ ಮಾರಾಯ್ತಿ. ಬೆಳ್ಗಿನ್ ಬಿಸಿಲ್ ತಡ್ದ್ರೆ ಇಡೀ ದಿನ ತಂಪ್.’

‘ದಿನಾ ಇಲ್ಲಿ ಕೂಕಂಬುದ್ ನಾನಲ್ದಾ...’

‘ನಿಂಗೆಂತ ಗೊತ್ತಿತ್ತ್? ಊರಂಗೆ ಅಪ್ಪಯ್ಯ ಹೀಂಗೇ ಕಟ್ತಿದ್ದದ್. ನೀ ಸುಮ್ನೆ ಹಗ್ಗ ಹಿಡಿ.’

ಅವಳು ಸುಮ್ಮನೆ ಹಗ್ಗ ಹಿಡಿದಳು.

ತಟ್ಟಿ ಕಟ್ಟಿದ ಮೇಲೆ ಬಂದವರಿಗೆಲ್ಲ ಅದನ್ನು ತೋರಿಸುವುದೇ ಒಂದು ಸಂಭ್ರಮ. ಹಾಲಿನವನು ನೋಡಿದ, ಸೀರೆ ಕೊಡಲು ಬಂದ ಹೆಂಗಸರು ನೋಡಿದರು. ಭಾನುವಾರ ನಮಿತಾ ಬಂದಳು. ‘ಸೂಪರಾ ಇರುಕ್ಕುಪ್ಪಾ’ ಎಂದು ತಮಿಳಿನಲ್ಲೇ ಹೊಗಳಿ ಫೋಟೋ ತೆಗೆದುಕೊಂಡಳು. ಇವರೆಲ್ಲ ಬಂದದ್ದು ಬೆಳಗಿನ ಹೊತ್ತು. ಬೆಳಗಿನ ಹೊತ್ತು ಜಗಲಿ ನಿಜವಾಗಿಯೂ ತಂಪಾಗಿತ್ತು, ಹಸಿ ಮಡಲಿನ ನೆರಳು ಕಣ್ಣಿಗೂ ಹಿತವಾಗಿತ್ತು. ಜಲಜಾಕ್ಷಿಯೂ ಎಲ್ಲರೆದುರು, ‘ಇವ್ರೇ ನೇಯ್ದದ್ದ್’ ಎಂದಳು.

ಕತ್ತರಿ ಬಿಸಿಲು ಶುರುವಾಯಿತು. ಹತ್ತು ಗಂಟೆಗೆಲ್ಲ ಬೀದಿ ಖಾಲಿ. ಪಂಢರಿನಾಥ ಊಟ ಮುಗಿಸಿ ಅಡುಗೆಮನೆಯ ಪಡು ಬಾಗಿಲು ಅಗಲಕ್ಕೆ ತೆರೆದು ಅಲ್ಲೇ ನೆಲಕ್ಕೆ ತಲೆ ಕೊಡುತ್ತಿದ್ದ. ಬಾಗಿಲಿನಿಂದ ಬರುತ್ತಿದ್ದದ್ದು ಇಳಿಬಿಸಿಲಿಗೆ ಕಾದ ಗೋಡೆಗಳ ಝಳ. ಬೇರೆ ಯಾರಾದರೂ ಆಗಿದ್ದರೆ ಎದ್ದು ಓಡುತ್ತಿದ್ದರು. ಬಾಣಲೆಯ ಮುಂದೆ ನಿಂತು ರೂಢಿಯಾದವನಿಗೆ ಅದು ಗಾಳಿಯೇ. ‘ಕಂಡ್ಯಾ, ಹ್ಯಾಂಗ್ ಬತ್ತ್ ಗಾಳಿ’ ಎಂದು ಹೆಂಡತಿಗೆ ಹೇಳಿ ಕಣ್ಣು ಮುಚ್ಚುತ್ತಿದ್ದ. ನಿದ್ದೆ ಹತ್ತುವ ತನಕ ಜಗಲಿಯಿಂದ ಮೆಶಿನ್ನಿನ ಸದ್ದು ಕೇಳುತ್ತಿತ್ತು, ಸಂಜೆ ಏಳುವಾಗಲೂ ಕೇಳುತ್ತಿತ್ತು. ನಡುವಿನ ಹೊತ್ತಿನಲ್ಲಿ ಅವಳು ಏನು ಮಾಡುತ್ತಾಳೆ ಎಂದು ಯೋಚಿಸುವ ಅಭ್ಯಾಸ ಅವನಿಗೆ ಇರಲಿಲ್ಲ.

ಆ ದಿನ ಅವನನ್ನು ಎಬ್ಬಿಸಿದ್ದು ದಾಕ್ಷಾಯಿಣಿಯವರ ಕೂಗು. ಧಾರವಾಡದ ಕಡೆಯ ಹೆಂಗಸು, ಸ್ವಭಾವತಃ ಗಟ್ಟಿ ಗಂಟಲು.

‘ಅಣ್ಣಾರ, ಲಗೂನ ಬರ್ರಿ! ಅಕ್ಕಾರು ಬಿದ್ದಾರ್ರಿ!’

ಅವನು ಜಗಲಿಗೆ ಓಡಿದ. ಅಲ್ಲಿ ಯಾರೂ ಇರಲಿಲ್ಲ. ಮೆಶಿನ್ನಿನ ಮುಂದಿನ ಸ್ಟೂಲು ಖಾಲಿ. ಮೊಟ್ಟಮೊದಲ ಬಾರಿಗೆ ಅವನಿಗೆ ಅಲ್ಲಿ ಉಸಿರು ಕಟ್ಟಿದ ಹಾಗಾಯಿತು. ಇಡ್ಲಿ ಬೇಯುವ ಪಾತ್ರೆಯ ಮುಚ್ಚಳ ತೆಗೆದು ಒಳಗೆ ತಲೆ ಹಾಕಿದ ಹಾಗಿತ್ತು. ಕೂಗು ಬಂದದ್ದು ಮೆಟ್ಟಿಲಿನಿಂದ. ಕಂಬಿ ಹಿಡಿದು ಕಾಲೆಳೆಯುತ್ತ ಇಳಿದ. ಮೆಟ್ಟಿಲು ತಿರುಗುವಲ್ಲಿ ಗೋಡೆಯಲ್ಲಿ ಒಂದು ಸಣ್ಣ ಜಾಲಂದ್ರವಿತ್ತು. ಅದರ ಕೆಳಗೆ ಒಂದು ಮಣೆ, ಒಂದು ಚೆಂಬು ನೀರು, ಸೂಜಿ ಚುಚ್ಚಿಟ್ಟ ಸೀರೆ. ನಾಲ್ಕಾರು ಮೆಟ್ಟಿಲು ಕೆಳಗೆ ಜಲಜಾಕ್ಷಿ ಬಲಗೈಯ ಮೇಲೆ ಬಿದ್ದಿದ್ದಳು. ಕಣ್ಣು ಅರೆ ತೆರೆದಿತ್ತು, ಮೈ ಕೆಂಡದಂತೆ ಸುಡುತ್ತಿತ್ತು.

‘ಇಲ್ಲಿ ಎಂತಕ್ ಕೂತಿದ್ಲ್ ಇವ್ಳ್?’ ಎಂದ, ಯಾರನ್ನು ಕೇಳಬೇಕೆಂದು ತಿಳಿಯದೆ.

ದಾಕ್ಷಾಯಿಣಿಯವರು ಅವಳ ಮುಖಕ್ಕೆ ನೀರು ತಟ್ಟುತ್ತಿದ್ದರು. ‘ದಿನಾ ಮಧ್ಯಾಹ್ನ ಇಲ್ಲೇ ಕುಂದರ್ತಾರಲ್ರಿ. ಜಗಲಿಯೊಳಗ ಗಾಳಿ ಇಲ್ಲ, ಇಲ್ಲಿ ಆ ಕಿಂಡಿಯಾಗಿಂದ ಸ್ವಲ್ಪರ ಬರ್ತದ ಅಂತಿದ್ರು. ಒಳಗ ಬರ್ರಿ ಅಂದ್ರ, ಅವ್ರು ಏಳೂದರಾಗ ಮ್ಯಾಲೆ ಹೋಗ್ಬೇಕು ಅಂತ ಬರ್ತಿರ್ಲಿಲ್ಲ. ನಿಮಗ ಗೊತ್ತಿಲ್ಲೇನು?’

ಗೊತ್ತಿರಲಿಲ್ಲ. ಮಣೆಯನ್ನು ನೋಡಿದ. ಅದು ಅವನು ಊಟಕ್ಕೆ ಕುಳಿತುಕೊಳ್ಳುವ ಮಣೆ. ಅವನು ಉಂಡು ಮಲಗಿದ ಮೇಲೆ ಅವಳು ಅದನ್ನು ಇಲ್ಲಿಗೆ ತಂದು, ಅವನು ಏಳುವ ಮೊದಲು ಮೇಲೆ ಒಯ್ದು ಇಡುತ್ತಿದ್ದಳು. ಇವಳು ನನಗೆ ಬೇಜಾರಾದೀತೆಂದು ಕದ್ದು ಬಂದು ಕೂರುತ್ತಿದ್ದಳು ಎಂದು ಅವನಿಗೆ ಆಗ ಹೊಳೆಯಿತು.

ಆಟೋದಲ್ಲಿ ಪೋರೂರಿನ ತನಕ ಅವಳ ತಲೆ ಅವನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವನ ಮನಸ್ಸು ಒಂದೇ ಮಾತಿಗೆ ಸಿಕ್ಕಿಕೊಂಡಿತ್ತು. ‘ನಿಂಗೆಂತ ಗೊತ್ತಿತ್ತ್.’ ಆ ಮಾತನ್ನು ಹೇಳಿದ ಬಾಯಿಗೆ ಹೊಡೆದುಕೊಳ್ಳಬೇಕೆನಿಸಿತು. ಇವಳು ಉಳಿದರೆ ಸಾಕು, ಇನ್ನೊಮ್ಮೆ ಇವಳ ಮಾತಿಗೆ ಎದುರು ಹೇಳುವುದಿಲ್ಲ ಎಂದು ಬೀಜಾಡಿಯ ದೈವಕ್ಕೂ ವಡಪಳನಿಯ ಮುರುಗನಿಗೂ ಒಟ್ಟಿಗೆ ಹೇಳಿಕೊಂಡ. ಸಿಗ್ನಲಿನಲ್ಲಿ ಆಟೋ ನಿಂತಾಗಲೆಲ್ಲ ಅವಳ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದ.

ಉಳಿದಳು. ಡಾಕ್ಟರು ಬಿಸಿಲಿನ ಹೊಡೆತ ಎಂದರು, ನೀರಿನಂಶ ಪೂರಾ ಕಡಿಮೆಯಾಗಿದೆ, ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಕಷ್ಟವಿತ್ತು ಎಂದರು. ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಹಾಕಿದರು, ಮಳೆಗಾಲದ ತನಕ ಹೊಲಿಗೆಯ ಮಾತೆತ್ತಬೇಡಿ ಎಂದರು. ನಮಿತಾ ಲ್ಯಾಬಿನಿಂದ ಓಡಿ ಬಂದು ತಾಯಿಯ ಕಾಲು ಹಿಡಿದುಕೊಂಡು ನಿಂತಳು. ಅಪ್ಪ ಅಮ್ಮ ಏನು ಕೇಳಿದರೂ ತಮಿಳಿನಲ್ಲೇ ಉತ್ತರ ಕೊಟ್ಟು ಬೆಳೆದವಳು, ಈಗಲೂ ತಮಿಳೇ ಬಂತು.

‘ಏನಪ್ಪಾ, ಅಮ್ಮಾ ಉಂಗ ಕಿಟ್ಟ ಒಣ್ಣುಮೇ ಸೊಲ್ಲಲಿಯಾ?’ ಎಂದು ಕೇಳಿದಳು. ಅಮ್ಮ ನಿಮ್ಮ ಹತ್ತಿರ ಏನೂ ಹೇಳಲಿಲ್ಲವೇ ಎಂದು.

ಇಲ್ಲ ಎನ್ನಬಹುದಿತ್ತು. ಜಲಜಾಕ್ಷಿ ಕಣ್ಣು ಮುಚ್ಚಿಕೊಂಡಿದ್ದಳು, ಕೇಳಿಸಿಕೊಂಡಿದ್ದರೂ ಬಿಟ್ಟುಕೊಡುತ್ತಿರಲಿಲ್ಲ. ಗಂಡನನ್ನು ಮಗಳ ಮುಂದೆ ಸಣ್ಣ ಮಾಡುವ ಹೆಂಗಸಲ್ಲ ಅವಳು.

‘ಹೇಳಿದ್ಲ್’ ಎಂದ ಪಂಢರಿನಾಥ. ‘ನಾನೇ ಕೇಣ್ಲಿಲ್ಲ.’

ನಮಿತಾ ಅಪ್ಪನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯದೆ ತಾಯಿಯ ಹೊದಿಕೆ ಸರಿಮಾಡಿದಳು.

ಮರುದಿನ ಬಟ್ಟೆ ಬರೆ ತರಲೆಂದು ಒಬ್ಬನೇ ಮನೆಗೆ ಬಂದ. ಬೀಗ ತೆಗೆದವನು ಕಪಾಟಿನ ಕಡೆ ಹೋಗಲಿಲ್ಲ, ಸೀದಾ ಜಗಲಿಗೆ ಹೋದ. ಹಗ್ಗದ ಗಂಟು ಬಿಗಿಯಾಗಿತ್ತು, ಅವನೇ ಹಾಕಿದ್ದಲ್ಲವೇ. ಬಿಚ್ಚುವಷ್ಟು ತಾಳ್ಮೆಯಿರಲಿಲ್ಲ. ತರಕಾರಿ ಹೆಚ್ಚುವ ಚೂರಿ ತಂದು ಕೊಯ್ದ. ಒಂದೊಂದೇ ಗಂಟು ಕಡಿದ ಹಾಗೆ ತಟ್ಟಿ ಕಳಚಿ ಬಿತ್ತು. ಆಗಲೇ ಒಣಗಿ ಕಂದಾಗಿತ್ತು, ಆದರೆ ನೇಯ್ಗೆ ಎಲ್ಲೂ ಸಡಿಲವಾಗಿರಲಿಲ್ಲ. ಎಂಥಾ ಕೈ ನನ್ನದು, ಹೆಂಡತಿಯ ಉಸಿರು ಕಟ್ಟುವಷ್ಟು ಚೆಂದಕ್ಕೆ ನೇಯ್ದೆನಲ್ಲ ಎಂದು ತನ್ನನ್ನು ತಾನೇ ಬೈದುಕೊಂಡ.

ಆಮೇಲೆ ಅವಳ ಸ್ಟೂಲಿನ ಮೇಲೆ ಕುಳಿತ. ಬಿಸಿಲು ಆಗಲೇ ನೆತ್ತಿ ದಾಟಿ ಪಡುವಕ್ಕೆ ಸರಿದಿತ್ತು, ಜಗಲಿಗೆ ನೆರಳು ಬಂದಿತ್ತು. ಮೊದಲು ಏನೂ ಆಗಲಿಲ್ಲ. ಎದುರು ಮನೆಯ ತಾರಸಿಯಲ್ಲಿ ಒಣಹಾಕಿದ ಲುಂಗಿ ಅಲ್ಲಾಡದೆ ನಿಂತಿತ್ತು. ಸ್ವಲ್ಪ ಹೊತ್ತಿಗೆ ಅದು ಮೆಲ್ಲಗೆ ಎದ್ದಿತು. ಮೆಶಿನ್ನಿನ ಮೇಲಿದ್ದ ನೂಲಿನ ಎಳೆ ಅಲುಗಾಡಿತು. ಗೋಡೆಯ ಕ್ಯಾಲೆಂಡರ್ ಹಾಳೆ ಮಡಚಿಕೊಂಡಿತು. ಮೂಡಲಿನಿಂದ, ಬೀದಿಗಳನ್ನೆಲ್ಲ ದಾಟಿಕೊಂಡು, ಗಾಳಿ ಬಂತು. ಅವನ ಕುತ್ತಿಗೆಯ ಬೆವರು ಆರಿತು. ಸೆಕೆಯೇ ತಾಗದವನಿಗೂ ಅದು ತಾಗಿತು. ಅವಳು ಇಷ್ಟು ವರ್ಷ ಒರಗಿ ಕುಳಿತ ಗೋಡೆಯಲ್ಲಿ ಬೆನ್ನಿನ ಅಗಲಕ್ಕೆ ಬಣ್ಣ ಮಾಸಿತ್ತು. ಅದಕ್ಕೆ ಒರಗಿ ಅತ್ತ. ನೋಡುವವರು ಯಾರೂ ಇರಲಿಲ್ಲ.

ಜಲಜಾಕ್ಷಿ ಮನೆಗೆ ಬಂದ ದಿನ ಮೆಟ್ಟಿಲು ಹತ್ತುವಾಗ ದಾಕ್ಷಾಯಿಣಿಯವರು ಒಂದು ಪಕ್ಕ, ಅವನು ಒಂದು ಪಕ್ಕ. ಜಗಲಿ ಬಯಲಾಗಿರುವುದನ್ನು ನೋಡಿ ಅವಳು ಅಲ್ಲೇ ನಿಂತಳು.

‘ಅಯ್ಯೋ, ಪೂರ ತೆಗ್ದ್ರ್ಯಾ? ಅಷ್ಟ್ ಕಷ್ಟ ಪಟ್ಟ್ ನೇಯ್ದದ್ದ್.’

ಅವನು ಹಾಸಿಗೆಯನ್ನು ಜಗಲಿಯಲ್ಲೇ ಹಾಸಿದ್ದ. ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ಪ್ಲಾಸ್ಟರಿನ ಕೈ ಕೆಳಗೆ ದಿಂಬು ಇಟ್ಟು, ತಾನು ಕಾಲು ಚಾಚಿ ಎದುರಿಗೆ ಕುಳಿತ. ಊಟವಾಗಿತ್ತು. ಮಲಗಿ ಎಂದು ಅವಳು ಎರಡು ಸಲ ಹೇಳಿದಳು. ಅವನು ಏಳಲಿಲ್ಲ.

‘ಇನ್ನೊಂದ್ ಸಲ ಹೇಳುಕಾತಿರ್ಲಿಲ್ಯಾ?’ ಎಂದ ಕೊನೆಗೆ. ‘ಗಟ್ಟಿ ಹೇಳುಕಾತಿತ್ತ್. ಬೈಯುಕಾತಿತ್ತ್.’

‘ಮನ್ಯಂಗೆ ನೀವ್ ಒಂದ್ ಕೆಲ್ಸ ಮಾಡಿದ್ದ್ ನಾನ್ ಕಂಡದ್ದೇ ಇಲ್ಲ. ಕಾಲ್ ನೋವಂಗೂ ಕೂಕಂಡ್ ನೇಯ್ದ್ರಿ. ಅದ್ನ್ ಬಿಚ್ಚಿ ಅಂದೇಳಿ ಹ್ಯಾಂಗ್ ಹೇಳುದ್?’

ಅವಳು ಸಮಾಧಾನಕ್ಕೆಂದೇ ಹೇಳಿದಳು. ಅವನಿಗೆ ಅದು ಬೈಗುಳಕ್ಕಿಂತ ಹೆಚ್ಚು ತಾಗಿತು.

ಸ್ವಲ್ಪ ಹೊತ್ತಿಗೆ ಗಾಳಿ ಬಂತು. ಅವಳು ಕಣ್ಣು ಮುಚ್ಚಿ ಮುಖ ಅದಕ್ಕೆ ಕೊಟ್ಟಳು. ಎಷ್ಟೋ ದಿನಗಳಿಂದ ಇದೊಂದಕ್ಕೆ ಕಾದಿದ್ದಳೆಂದು ಯಾರು ನೋಡಿದರೂ ಹೇಳಬಹುದಿತ್ತು.

‘ಬರೀ ತಂಪಿಗಲ್ಲ’ ಎಂದಳು ಹಾಗೇ ಕಣ್ಣು ಮುಚ್ಚಿಕೊಂಡು. ‘ಮೂರ್ ಗಂಟಿ ಮ್ಯಾಲೆ ಈ ಗಾಳ್ಯಂಗೆ ನಿಮ್ಮ್ ಹೋಟ್ಲಿನ ಎಣ್ಣಿ ವಾಸ್ನಿ ಬತ್ತಿತ್ತ್. ಹಾಂ, ಇವ್ರ್ ಎದ್ದ್ ಬಾಣ್ಲಿ ಇಟ್ರ್ ಅಂದ್ಕಂತಿದ್ದೆ. ಕಡಿಕ್ ಬೋಂಡದ್ದ್. ಒಂದೊಂದ್ ದಿನ ವಾಸ್ನಿಯೇ ಬೇರೆ. ಇವತ್ ಇವ್ರಿಗೆ ಹುಷಾರಿಲ್ಲ, ಬೇರೆ ಯಾರೋ ನಿಂತಿದ್ರ್ ಅಂತ ಗೊತ್ತಾತಿತ್ತ್. ನಮಿತಾ ಸಣ್ಣದಿಪ್ಪತಿಗೆ ಅಪ್ಪ ಎಲ್ಲಿ ಅಂತ ಹಟ ಮಾಡುದ್. ಈ ಕಂಬಿ ಹತ್ರ ನಿಲ್ಸಿ, ಮೂಸ್ ಕಾಣ್, ಅಪ್ಪ ಬಂದ್ರ್ ಅಂತಿದ್ದೆ. ಸುಮ್ನಾತಿತ್ತ್ ಹೆಣ್ಣ್.’

ಪಂಢರಿನಾಥ ಕಂಬಿಯ ಆಚೆ ನೋಡಿದ. ಎರಡು ಸಾಲು ತಾರಸಿಗಳ ಹಿಂದೆ ಹೋಟೆಲಿನ ಹೊಗೆ ಕೊಳವೆ ಕಾಣುತ್ತಿತ್ತು. ಎರಡೇ ಬೀದಿ. ಊಟದ ಗಲಾಟೆ ಮುಗಿದ ಮೇಲೆ ಆ ಮಾಳಿಗೆಯಲ್ಲಿ ಹಾಸುತ್ತಿದ್ದ ಚಾಪೆಯನ್ನು ಇಲ್ಲಿ ಹಾಸಬಹುದಿತ್ತು. ಯಾರು ಬೇಡ ಎಂದಿದ್ದರು? ಯಾರೂ ಎಂದಿರಲಿಲ್ಲ. ಇಲ್ಲಿ ಇಬ್ಬರು ಕಂಬಿ ಹಿಡಿದು ತನ್ನ ವಾಸನೆಗೆ ಕಾಯುತ್ತಿದ್ದರೆ ತಾನು ಅಲ್ಲಿ ಗೊರಕೆ ಹೊಡೆಯುತ್ತಿದ್ದ. ತಟ್ಟಿಯನ್ನಾದರೆ ಕೊಯ್ದು ಹಾಕಿದ. ಇದನ್ನು ಏನು ಮಾಡುವುದು?

‘ಮಧ್ಯಾಹ್ನ ಮನಿಗೆ ಬಪ್ಪುಕಾತಿತ್ತ್ ನಂಗೆ’ ಎಂದ.

‘ಬಪ್ಪುಕಾತಿತ್ತ್’ ಎಂದಳು ಜಲಜಾಕ್ಷಿ. ಅದರಲ್ಲಿ ಸಿಟ್ಟೂ ಇರಲಿಲ್ಲ, ಹೋಗಲಿ ಬಿಡಿ ಎಂಬ ಮಾತೂ ಇರಲಿಲ್ಲ.

ಕೆಳಗೆ ಬೀದಿಯಲ್ಲಿ ನೀರಿನ ಲಾರಿಯೊಂದು ಹಾದುಹೋಯಿತು. ಗಾಳಿ ಸ್ವಲ್ಪ ಜೋರಾಯಿತು. ಅವಳು ತಟ್ಟನೆ ಕಣ್ಣು ತೆರೆದು ತಲೆ ಎತ್ತಿದಳು, ಮೂಗು ಅರಳಿತು.

‘ಹ್ವಾಯ್, ಬಂತ್ ಕಾಣಿ. ಎಣ್ಣಿ ಹೆಚ್ ಕಾದ್ಹೋಯ್ತ್, ಹೊಸ ಮಾಸ್ಟರಿಗೆ ಅಂದಾಜ್ ಸಾಲ್ದ್. ಗೊತ್ತಾಯ್ತಲ್ದಾ ನಿಮ್ಗೆ?’

ಪಂಢರಿನಾಥ ಎದೆ ತುಂಬ ಉಸಿರೆಳೆದ. ಇನ್ನೊಮ್ಮೆ ಎಳೆದ. ಅವನ ಮೂಗಿಗೆ ಏನೂ ಬರಲಿಲ್ಲ.

‘ಹೌದ್’ ಎಂದ, ಅವಳ ಮುಖವನ್ನೇ ನೋಡುತ್ತ.